ಮಂಚದ ನಂಬರು

ವಾರ್ಡಿನಲ್ಲಿ ಆಕೆಗೆ ಗುಡುಗಮ್ಮ ಎಂದೇ ಹೆಸರು. ಇಪ್ಪತ್ತು ವರ್ಷದಿಂದ ಆಯಾ. ಬಾಯಿ ತೆರೆದರೆ ಕಿಟಕಿಯ ಗಾಜು ಅದುರಬೇಕು. ಅಂಥವಳು, ಆಪರೇಷನ್ನಿಗೆ ಹೋಗುವವರ ಮಂಚದ ಪಕ್ಕಕ್ಕೆ ಮರದ ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಅವರ ಕೈ ಹಿಡಿದು ಕೂರುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

ಹೊಸದಾಗಿ ಬಂದ ಹೆಡ್ ಸಿಸ್ಟರಿಗೆ ಇದು ಸರಿಬರಲಿಲ್ಲ. "ಇದರಿಂದ ಭಯ ಕಡಿಮೆಯಾಗುತ್ತೆ ಅನ್ನೋದಕ್ಕೆ ಪುರಾವೆ ತೋರಿಸಿ. ಒಂದು ತಿಂಗಳು ಟೈಮ್. ಇಲ್ಲಾಂದ್ರೆ ಕುರ್ಚಿ ಉಗ್ರಾಣಕ್ಕೆ" ಎಂದರು.

ಪುರಾವೆಯ ಕೆಲಸ ಗುಡುಗಮ್ಮನ ಅಕ್ಕನ ಮಗಳ ತಲೆಗೆ ಬಿತ್ತು. ಅವಳು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹನ್ನೆರಡು ಮಂಚ, ಹನ್ನೆರಡು ರೋಗಿಗಳು. ಚಿಕ್ಕಮ್ಮ ಕೂರುವ ಮುಂಚೆ ಒಂದು ಚೀಟಿ, ಎದ್ದ ಮೇಲೆ ಒಂದು ಚೀಟಿ. ಎಷ್ಟು ಹೆದರಿಕೆ ಅಂತ ಸೊನ್ನೆಯಿಂದ ಇಪ್ಪತ್ತರೊಳಗೆ ರೋಗಿಯೇ ಅಂಕಿ ಬರೆಯಬೇಕು. ಹೆಸರು ಬರೆಯುವಂತಿಲ್ಲ.

ಗಡುವಿನ ಹಿಂದಿನ ದಿನ ಮಧ್ಯಾಹ್ನ, ಒಗೆದ ಹಾಸುಬಟ್ಟೆ ಜೋಡಿಸಿಡುವ ಕೋಣೆಯಲ್ಲಿ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು.

"ಚಿಕ್ಕಮ್ಮ, ಏನೂ ಸಿಗಲಿಲ್ಲ."

"ಸಿಗಲಿಲ್ಲ ಅಂದ್ರೆ?"

"ಮೊದಲಿನ ಗುಂಪಿನ ಸರಾಸರಿ ಹನ್ನೊಂದು, ಆಮೇಲಿನದು ಒಂಬತ್ತು. ಆದ್ರೆ ಎರಡರಲ್ಲೂ ನಾಲ್ಕು ಬರೆದವರಿದ್ದಾರೆ, ಹದಿನೆಂಟು ಬರೆದವರೂ ಇದ್ದಾರೆ. ಅಂಕಿ ಇಷ್ಟು ಚೆಲ್ಲಾಪಿಲ್ಲಿಯಾಗಿದ್ರೆ ಎರಡರ ವ್ಯತ್ಯಾಸ ಸುಮ್ಮನೆ, ಆಕಸ್ಮಿಕವಾಗಿ ಬಂದಿದ್ದೂ ಇರಬಹುದು."

"ಪುಸ್ತಕದ ತುಂಬ ಅಂಕಿ ಅಳೆಯೋ ಪರೀಕ್ಷೆ ಇದೆ ಅಂತಿದ್ದೆಯಲ್ಲೇ. ಇನ್ನೊಂದು ಹಾಕು. ಯಾವುದೋ ಒಂದು ಹೌದು ಅನ್ನುತ್ತೆ!"

"ಹೌದು ಅನ್ನೋವರೆಗೂ ಬದಲಾಯಿಸ್ತಾ ಹೋದ್ರೆ ಅದು ಮೋಸ ಚಿಕ್ಕಮ್ಮ. ಚೀಟಿ ಹೇಗೆ ಬರೆಸಿದ್ವಿ ಅಂತ ನೋಡಿ ಪರೀಕ್ಷೆ ಆರಿಸ್ಬೇಕು, ಉತ್ತರ ನೋಡಿ ಅಲ್ಲ. ಇಲ್ಲಿ ಇಪ್ಪತ್ನಾಲ್ಕು ಜನರ ಎರಡು ಗುಂಪು ಅಂತ..."

ಗುಡುಗಮ್ಮನ ಪಿತ್ತ ನೆತ್ತಿಗೇರಿತು. "ಇಪ್ಪತ್ನಾಲ್ಕು ಜನ ನಿಮ್ಮಪ್ಪನ ಮನೆಯಿಂದ ಬಂದ್ರಾ? ಹನ್ನೆರಡೇ ಜನ! ಒಬ್ಬೊಬ್ಬರದು ಎರಡೆರಡು ಚೀಟಿ!"

"ಗೊತ್ತು. ಆದ್ರೆ ಯಾರದು ಯಾವುದು? ನೀವು ಎರಡು ಕಟ್ಟು ಮಾಡಿ, ಸಣ್ಣ ಅಂಕಿಯಿಂದ ದೊಡ್ಡದಕ್ಕೆ ಜೋಡಿಸಿ ಕೊಟ್ರಿ. ಜೋಡಿ ಹಾಳಾಯ್ತು."

ಅಂದವಾಗಿರಲಿ ಎಂದು ತಾನೇ ಮಾಡಿದ ಕೆಲಸ! ಗುಡುಗಮ್ಮ ಒಂದು ಚೀಟಿ ಎತ್ತಿ ಹಿಂದುಮುಂದು ಮಾಡಿದಳು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದ ನಾಲ್ಕು. ಹಾಸುಬಟ್ಟೆ, ದಿಂಬಿನ ಚೀಲ, ಟವೆಲ್ಲು, ಏನು ಕೈಗೆ ಬಂದರೂ ಮಂಚದ ನಂಬರು ಬರೆಯದೆ ಅವಳು ಕೆಳಗಿಟ್ಟವಳೇ ಅಲ್ಲ.

"ಅಯ್ಯೋ, ಮೊದಲೇ ಹೇಳೋದಲ್ವಾ!" ಹುಡುಗಿ ಎದ್ದೇ ನಿಂತಳು.

"ನೀನು ಕೇಳಿದ್ದೆಯಾ?"

ಬಿಳಿ ಹಾಸಿನ ಮೇಲೆ ಚೀಟಿಗಳನ್ನು ಜೊತೆಜೊತೆಯಾಗಿ ಇಟ್ಟರು. ಒಂದನೇ ಮಂಚ, ಆರಿದ್ದದ್ದು ನಾಲ್ಕು. ಎರಡನೆಯದು, ಹದಿನೆಂಟಿದ್ದದ್ದು ಹದಿನೈದು. ಮೂರು, ಇಳಿದಿದೆ. ನಾಲ್ಕು, ಇಳಿದಿದೆ. ಎರಡನೇ ಮಂಚದ ಅಂಜುಬುರುಕನ ಇಳಿದ ಹದಿನೈದೂ ಒಂದನೇ ಮಂಚದ ಗಟ್ಟಿಗಿತ್ತಿಯ ಆರಕ್ಕಿಂತ ಎಷ್ಟೋ ಹೆಚ್ಚು; ಗುಂಪಿನಲ್ಲಿ ನೋಡಿದರೆ ಇಬ್ಬರೂ ಒಬ್ಬರನ್ನೊಬ್ಬರು ಮರೆಮಾಚುತ್ತಾರೆ. ಅವರವರ ಪಕ್ಕಕ್ಕೆ ಅವರವರನ್ನೇ ನಿಲ್ಲಿಸಿದರೆ, ಇಬ್ಬರ ಭಯವೂ ಇಳಿದಿತ್ತು. ಹನ್ನೆರಡರಲ್ಲಿ ಹನ್ನೊಂದು ಇಳಿದಿದ್ದವು.

ಹುಡುಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹನ್ನೆರಡು ನಾಣ್ಯ ಹಾಕಿದಳು. "ಎಲ್ಲ ಸುಮ್ಮನೆ ಆಗಿದ್ದಾದ್ರೆ ಭಯ ಏರೋದೂ ಇಳಿಯೋದೂ ನಾಣ್ಯ ಬಿದ್ದ ಹಾಗೆ. ಕುಲುಕಿ ಚೆಲ್ಲಿ. ಸಿಂಹದ ತಲೆ ಮೇಲೆ ಬಿದ್ರೆ ಇಳೀತು ಅಂತ ಲೆಕ್ಕ. ಹನ್ನೊಂದು ತಲೆ ಬೀಳುತ್ತಾ ನೋಡೋಣ."

ಗುಡುಗಮ್ಮ ಕುಲುಕಿ ಚೆಲ್ಲಿದಳು. ಐದು ತಲೆ. ಮತ್ತೆ ಚೆಲ್ಲಿದಳು. ಏಳು. ಆರು. ಎಂಟು. ನಲವತ್ತು ಸಲ ಕೈ ಸೋಲುವವರೆಗೆ ಚೆಲ್ಲಿದಳು. ಒಮ್ಮೆ ಹತ್ತು ಬಂತು, ಅದರಾಚೆ ಹೋಗಲಿಲ್ಲ.

"ಸಾವಿರ ಸಲ ಚೆಲ್ಲಿದ್ರೆ ಹನ್ನೊಂದು ತಲೆ ಹೆಚ್ಚುಕಮ್ಮಿ ಮೂರು ಸಲ ಬರುತ್ತೆ" ಎಂದಳು ಹುಡುಗಿ.

ಗುಡುಗಮ್ಮ ಜೋಡಿ ಚೀಟಿಗಳತ್ತ ಬಾಗಿದಳು. ಇಪ್ಪತ್ತು ವರ್ಷ ತನ್ನ ಅಂಗೈಯಲ್ಲಿ ನಡೆದದ್ದು ಈ ಬಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಬಿದ್ದಿತ್ತು.

"ಕೈ ಹಿಡಿದಿದ್ದಕ್ಕೇ ಇಳೀತು ಅಂತ ಇನ್ನೂ ಹೇಳೋ ಹಾಗಿಲ್ಲ" ಎಂದು ಹುಡುಗಿ ಎಚ್ಚರಿಸಿದಳು. "ಹತ್ತು ನಿಮಿಷ ಕಳೆದಿದ್ದಕ್ಕೇ ಇಳಿದಿರಬಹುದು. ಸುಮ್ಮನೆ ಆಗಿದ್ದಲ್ಲ, ಅಷ್ಟು ಮಾತ್ರ ಹೇಳಬಹುದು. ಅದ್ಸರಿ, ಈ ಏಳನೇ ಮಂಚ? ಹದಿನೈದಿದ್ದದ್ದು ಹದಿನೆಂಟಾಗಿದೆ."

ಗುಡುಗಮ್ಮ ಮೆತ್ತಗಾದಳು. "ಆವತ್ತು ಆಕೆ ನೀರಿನ ಲೋಟ ಉರುಳಿಸಿದ್ಲು. ಕೈ ಹಿಡ್ಕೊಂಡೇ ಚೆನ್ನಾಗಿ ಬೈದೆ ಕಣೇ."

ಇಬ್ಬರೂ ಆ ಒಂದು ಚೀಟಿಯನ್ನೇ ನೋಡುತ್ತಾ ಕೂತರು. ಬೈಗುಳವೂ ಅಲ್ಲಿ ಅಂಕಿಯಾಗಿ ಕೂತಿತ್ತು.

ಮರುದಿನ ಹೆಡ್ ಸಿಸ್ಟರ್ ಹುಡುಗಿ ಬರೆದುಕೊಟ್ಟ ಹಾಳೆಯನ್ನು ಎರಡು ಸಲ ಓದಿದರು. "ಇರಲಿ ಕುರ್ಚಿ. ಮುಂದಿನ ತಿಂಗಳು ಅರ್ಧ ಜನರ ಪಕ್ಕ ಕೂತು, ಇನ್ನರ್ಧ ಜನರ ಪಕ್ಕ ಕೂರದೆ ನೋಡಿ. ಯಾರ ಪಕ್ಕ ಅಂತ ಚೀಟಿ ಎತ್ತಿ" ಎಂದರು.

ಗುಡುಗಮ್ಮ ಕುರ್ಚಿಯನ್ನು ಏಳನೇ ಮಂಚದ ಹತ್ತಿರಕ್ಕೆ ಸದ್ದಾಗದಂತೆ ಎತ್ತಿಕೊಂಡು ಹೋದಳು. ಆಕೆಯ ಆಪರೇಷನ್ ಮುಗಿದಿತ್ತು, ಬರೆಸಲು ಚೀಟಿಯೂ ಇರಲಿಲ್ಲ. ಲೋಟಕ್ಕೆ ನೀರು ತುಂಬಿಟ್ಟು, ಆಕೆಯ ಕೈ ಹಿಡಿದು ಕೂತಳು.