ಹನ್ನೊಂದೂ ಹತ್ತರ ಫೋನು

ಗುಬ್ಬಿ ಅರವತ್ಮೂರು ಕಡೆ ಅರ್ಜಿ ಹಾಕಿದ್ದಳು. ಒಂದೂ ಗಿಟ್ಟಲಿಲ್ಲ. ಆಳು ಸಣ್ಣಗಿದ್ದುದಕ್ಕೆ ಮನೆಯಲ್ಲಿ ಇಟ್ಟ ಹೆಸರು ಗುಬ್ಬಿ. ಓದುತ್ತಿದ್ದದ್ದು ಕಟ್ಟಡಗಳ ನಕ್ಷೆ ಬರೆಯುವ ಕೋರ್ಸು, ಮೊದಲ ವರ್ಷ. ರಜೆಯಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಿ, ಆಫೀಸಿನವರಿಂದ ಪತ್ರ ತಂದುಕೊಡಬೇಕೆಂದು ಕಾಲೇಜಿನವರು ಕಟ್ಟಪ್ಪಣೆ ಮಾಡಿದ್ದರು. ಹೇಳುವುದಕ್ಕೇನು, ಬಾಯಿಗೆ ಖರ್ಚೇ? 'ಮೂರನೇ ವರ್ಷಕ್ಕೆ ಬನ್ನಿ' ಎಂದವರು ಹತ್ತು ಮಂದಿ. 'ಅನುಭವ ಇದೆಯೇ?' ಎಂದು ಕೇಳಿದವರು ನಾಲ್ಕು ಮಂದಿ. ಅನುಭವ ಇದ್ದಿದ್ದರೆ ಇವರ ಬಾಗಿಲು ಯಾಕೆ ಬಡಿಯುತ್ತಿದ್ದಳು? ಒಬ್ಬ ಪುಣ್ಯಾತ್ಮ ಅವಳನ್ನು 'ಸರ್' ಎಂದು ಕರೆದು ಶುಭ ಹಾರೈಸಿದ್ದ. ಉಳಿದವರದು ಉಸಿರೇ ಇಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಒಂದು ಸಂಜೆ ಅಮ್ಮ ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿ, ಹಲ್ಲಿನಲ್ಲಿ ದಾರ ಕಡಿಯುತ್ತಾ, "ಏನಾಯ್ತೇ?" ಎಂದು ಕೇಳಿದಳು. ಆ ವಾರದಲ್ಲಿ ಅದು ಒಂಬತ್ತನೆಯ ಸಲ.

"ಸಿಕ್ತಮ್ಮ," ಎಂದುಬಿಟ್ಟಳು ಗುಬ್ಬಿ.

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅಮ್ಮ ಟೇಪು ಹಿಡಿದು ಅವಳ ಭುಜದ ಅಳತೆ ತೆಗೆಯುತ್ತಿದ್ದಳು. ಎರಡೇ ದಿನದಲ್ಲಿ ಎರಡು ಜೊತೆ ಆಫೀಸಿನ ಬಟ್ಟೆ ತಯಾರಾದವು. ಜಾಕೀಟು ಹೊಲಿಸಲು ಬಂದವರಿಗೂ ಸುದ್ದಿ, ಗುಂಡಿ ಹಾಕಿಸಲು ಬಂದವರಿಗೂ ಸುದ್ದಿ. ಅಪ್ಪ ಹೋದಮೇಲೆ ಅಮ್ಮ ಹಾಗೆ ಮುಖ ತುಂಬ ನಕ್ಕಿದ್ದನ್ನು ಗುಬ್ಬಿ ನೋಡಿರಲಿಲ್ಲ. ಆ ನಗುವನ್ನು ಕಿತ್ತುಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ.

ನೆರವಿಗೆ ಬಂದವನು ಸೋದರಮಾವ. ಅವನು ನಾಲ್ಕು ಮಹಡಿಯ ಕಟ್ಟಡವೊಂದರ ಕಾವಲುಗಾರ. ಮೂರನೇ ಮಹಡಿಯಲ್ಲಿದ್ದ ನಕ್ಷೆ ಬರೆಯುವ ಆಫೀಸು ಮುಚ್ಚಿ ನಾಲ್ಕು ವರ್ಷವಾಗಿತ್ತು. ಮಾಲೀಕರು ಸಾಮಾನೆಲ್ಲ ಅಲ್ಲೇ ಬಿಟ್ಟು ಹೋಗಿದ್ದರು, ಕಟ್ಟಡದ ಲೆಕ್ಕದಲ್ಲಿದ್ದ ಫೋನಿನ ಲೈನನ್ನೂ ಯಾರೂ ತೆಗೆಸಿರಲಿಲ್ಲ, ಬಾಡಿಗೆಗೆ ಮತ್ತ್ಯಾರೂ ಬಂದಿರಲಿಲ್ಲ. ಬೀಗದ ಕೈ ಮಾವನ ಹತ್ತಿರವೇ ಇತ್ತು.

"ಆರು ವಾರ ತಾನೇ, ಹೋಗಿ ಕೂತ್ಕೋ. ಆದ್ರೆ ನಿಮ್ಮಮ್ಮನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ. ಬಾಯಿ ಬಿಡ್ಬೇಡ," ಎಂದ.

ಎಂಟು ಮೇಜು, ಒರಸಿದಷ್ಟೂ ಮುಗಿಯದ ಧೂಳು, ಯಾವುದೋ ತಿಂಗಳಲ್ಲೇ ನಿಂತುಹೋದ ಕ್ಯಾಲೆಂಡರು. ಗುಬ್ಬಿ ಕಿಟಕಿ ಪಕ್ಕದ ಮೇಜು ಆರಿಸಿಕೊಂಡಳು. ಕುರ್ಚಿಯ ಬೆನ್ನಿಗೆ ಬೂದು ಬಣ್ಣದ ಸ್ವೆಟರ್ ನೇತಾಡುತ್ತಿತ್ತು. ಮೇಜಿನ ಮೇಲೆ ಅರ್ಧಕ್ಕೆ ಬಿಟ್ಟ ಮನೆಯ ನಕ್ಷೆ. ಗೋಡೆಗಳೆಲ್ಲ ಮುಗಿದಿದ್ದವು, ಬಾಗಿಲು ಒಂದೂ ಇರಲಿಲ್ಲ. ಸುಮ್ಮನೆ ಕೂತು ಏನು ಮಾಡುವುದೆಂದು ಗುಬ್ಬಿ ಬಾಗಿಲು ಬರೆಯತೊಡಗಿದಳು. ಡ್ರಾಯರಿನಲ್ಲಿ ಆಫೀಸಿನ ಹೆಸರು ಅಚ್ಚಾಗಿದ್ದ ಖಾಲಿ ಹಾಳೆಗಳ ಕಟ್ಟೇ ಸಿಕ್ಕಿತು. ಆರನೇ ವಾರ ತನ್ನ ಪತ್ರ ತಾನೇ ಬರೆದುಕೊಂಡರಾಯಿತು, ಕೇಳುವವರ್ಯಾರು?

ಮೊದಲ ದಿನವೇ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮೇಜಿನ ಮೇಲಿನ ಹಳೇ ಫೋನು ಬಡಿದುಕೊಂಡಿತು. ತಾನು ಕದ್ದು ಕೂತಿರುವುದು ಯಾರಿಗೋ ಗೊತ್ತಾಗಿದೆ ಎಂದುಕೊಂಡಳು. ಅದು ನಿಲ್ಲುವ ಹಾಗೆ ಕಾಣದಿದ್ದಾಗ ಎತ್ತಿದಳು.

ಆ ಕಡೆ ಯಾರೋ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ವಯಸ್ಸಾದ ಹೆಂಗಸಿನ ಧ್ವನಿ, "ಚಿನ್ನಿ ಇದ್ದಾಳಾ?" ಎಂದಿತು.

"ಮೀಟಿಂಗ್‌ನಲ್ಲಿದ್ದಾರೆ," ಎಂದಳು ಗುಬ್ಬಿ. ಆಫೀಸಿನಲ್ಲಿ ಹಾಗೆ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

"ಊಟ ಮಾಡು ಅಂತ ಹೇಳಮ್ಮ," ಎಂದು ಆ ಧ್ವನಿ ಫೋನಿಟ್ಟಿತು.

ಮರುದಿನವೂ ಅದೇ ಹೊತ್ತಿಗೆ ಬಂತು. ಅದರ ಮರುದಿನವೂ. ಚಿನ್ನಿ ಸೈಟಿಗೆ ಹೋಗಿದ್ದಾಳೆ, ಚಿನ್ನಿಗೆ ಕೆಲಸ ಜಾಸ್ತಿ, ಚಿನ್ನಿ ಊಟ ಮಾಡಿದಳು ಎಂದು ಗುಬ್ಬಿ ಕತೆ ಕಟ್ಟುತ್ತಾ ಹೋದಳು. ಚಿನ್ನಿ ಎಲ್ಲೋ ಬೇರೆ ಕಡೆ ಕೆಲಸಕ್ಕೆ ಸೇರಿ ಮನೆಗೆ ಹೇಳಿಲ್ಲ, ಅಷ್ಟೇ ಎಂದುಕೊಂಡಿದ್ದಳು. ತನ್ನಂಥವಳೇ ಇನ್ನೊಬ್ಬಳು.

ರೂಮು ತಣ್ಣಗಿತ್ತು, ಸ್ವೆಟರ್ ಹಾಕಿಕೊಂಡಳು. ಅಳತೆ ಮಾಡಿಸಿದ ಹಾಗಿತ್ತು. ಕುರ್ಚಿ ಎಡಕ್ಕೆ ತಗ್ಗಿತ್ತು. ವಾರದಲ್ಲಿ ಮನೆಯಲ್ಲೂ ಅವಳು ಎಡಕ್ಕೆ ವಾಲಿ ಕೂರತೊಡಗಿದಳು. ನಕ್ಷೆಯಲ್ಲಿ ಏಳು ಎಂಬ ಅಂಕಿಯ ನಡುವೆ ಅಡ್ಡಗೆರೆ ಇತ್ತು. ಒಂದು ದಿನ ನೋಡುತ್ತಾಳೆ, ತನ್ನ ಏಳಕ್ಕೂ ಅದೇ ಗೆರೆ ಬಂದಿದೆ. ಕಣ್ಣಂಚಿನಲ್ಲಿ ಯಾರೋ ನಿಂತಂತಾಗಿ ತಿರುಗಿದರೆ ಖಾಲಿ ಮೇಜುಗಳು. ಹೆದರಿಕೆಯಾಗುತ್ತಿತ್ತು. ಆದರೂ ಹನ್ನೊಂದಾದರೆ ಸಾಕು, ಕಿವಿ ಫೋನಿನ ಕಡೆಗೇ ಇರುತ್ತಿತ್ತು.

ಹದಿಮೂರನೇ ದಿನ ಕೆಳಗೆ ಬಂದು ಮಾವನನ್ನು ಕೇಳಿದಳು: "ಮಾವ, ಮೇಲೆ ಚಿನ್ನಿ ಅಂತ ಯಾರಿದ್ರು? ಅವರ ಪೂರ್ತಿ ಹೆಸರು ಗೊತ್ತಾ?" ತನ್ನ ಪತ್ರಕ್ಕೆ ಅವಳ ಸಹಿಯನ್ನೇ ಹಾಕಿಕೊಳ್ಳುವುದೆಂದು ತೀರ್ಮಾನಿಸಿಯಾಗಿತ್ತು.

ಮಾವ ಕೂತಲ್ಲಿಂದ ಎದ್ದು ನಿಂತ. "ಆ ಫೋನು ಎತ್ತಿದ್ಯಾ ನೀನು?"

"ದಿನಾ ಬರುತ್ತಲ್ಲ."

"ನಾಲ್ಕು ವರ್ಷದಿಂದ ದಿನಾ ಬರ್ತಾನೇ ಇದೆ, ಇಲ್ಲಿವರೆಗೂ ಕೇಳಿಸುತ್ತೆ. ಯಾರೂ ಎತ್ತಲ್ಲ. ಆ ಹುಡುಗಿ ಅಲ್ಲೇ ಹೋಗಿದ್ದು, ಗುಬ್ಬಿ. ಕಿಟಕಿ ಪಕ್ಕದ ಕುರ್ಚೀಲಿ, ಕೂತ ಹಾಗೇ. ಹೃದಯ ನಿಂತೋಯ್ತಂತೆ. ಫೋನ್ ಮಾಡೋದು ಅವಳ ತಾಯಿ."

ಗುಬ್ಬಿಯ ಮೈಮೇಲೆ ಇನ್ನೂ ಆ ಸ್ವೆಟರ್ ಇತ್ತು.

ಮಾರನೇ ದಿನ ಬರಲೇಬಾರದೆಂದಿದ್ದಳು, ಬಂದಳು. ಹನ್ನೊಂದೂ ಹತ್ತಕ್ಕೆ ಫೋನೆತ್ತಿ, ಆ ಕಡೆಯವರು ಮಾತಾಡುವ ಮೊದಲೇ ಹೇಳಿದಳು: "ಅಮ್ಮ, ನಾನು ಸುಳ್ಳು ಹೇಳ್ದೆ. ಚಿನ್ನಿ ಇಲ್ಲಿಲ್ಲ. ಇಲ್ಲಿ ಆಫೀಸೇ ಇಲ್ಲ. ನಂಗೆ ಎಲ್ಲೂ ಕೆಲಸ ಸಿಗ್ಲಿಲ್ಲ, ಮನೇಲಿ ಸಿಕ್ತು ಅಂದ್ಬಿಟ್ಟಿದ್ದೆ, ಅದಕ್ಕೆ ಇಲ್ಲಿ ಬಂದು ಕೂರ್ತೀನಿ."

"ನಂಗೊತ್ತಮ್ಮ," ಎಂದಿತು ಆ ಧ್ವನಿ. "ಅವಳ ಮುಖಕ್ಕೆ ಬಟ್ಟೆ ಮುಚ್ಚಿದವಳೇ ನಾನು. ಯಾರೂ ಎತ್ತಲ್ಲ ಅಂತ ಗೊತ್ತಿದ್ದೇ ಮಾಡ್ತಿದ್ದೆ. ರಿಂಗ್ ಆಗ್ತಿರೋವಷ್ಟು ಹೊತ್ತು, ಕೆಲಸದಲ್ಲಿ ಮುಳುಗಿದ್ದಾಳೆ, ಈಗ ಎತ್ತುತ್ತಾಳೆ ಅನ್ಕೋತಿದ್ದೆ. ಅಷ್ಟು ಸಾಕಾಗಿತ್ತು ನಂಗೆ. ನೀನು ಎತ್ಬಿಟ್ಟೆ."

"ತಪ್ಪಾಯ್ತು. ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

"ಆಫೀಸಿನವರಿಗೂ ಗೊತ್ತಾಗ್ಲಿಲ್ಲ. ಅವತ್ತೂ ಇದೇ ಹೊತ್ತಿಗೆ ಮಾಡಿದ್ದೆ. ಮೀಟಿಂಗ್‌ನಲ್ಲಿದ್ದಾರೆ ಅಂದ್ರು. ಆಗ್ಲೇ ಅವಳು ಹೋಗಿ ಅರ್ಧ ಗಂಟೆ ಆಗಿತ್ತಂತೆ. ನಾನು ನಂಬ್ಕೊಂಡು ಬಟ್ಟೆ ಒಣಹಾಕೋಕೆ ಹೋದೆ. ಬಕೆಟ್ ತುಂಬ ಬಟ್ಟೆ. ಹಾಡು ಗುನುಗ್ತಾ ಹಾಕಿದೆ, ಗೊತ್ತಾ?"

ಗುಬ್ಬಿ ಅಳುತ್ತಿದ್ದಳು. ಆ ಹೆಂಗಸು ಅಳುತ್ತಿರಲಿಲ್ಲ.

"ನಿಮ್ಮಮ್ಮ ಈಗೇನು ಮಾಡ್ತಿರ್ತಾರೆ?"

"ಬಟ್ಟೆ ಹೊಲೀತಿರ್ತಾರೆ."

"ನೀನು ಎಲ್ಲಿದ್ದೀ ಅಂತ ಗೊತ್ತಿಲ್ಲ, ಅಲ್ವಾ? ಮನೆಗೆ ಹೋಗು ಮಗು. ಮೊದಲು ಮನೆಗೆ ಹೋಗು." ಲೈನು ಕಟ್ಟಾಯಿತು.

ಗುಬ್ಬಿ ಮನೆಗೆ ಓಡಿದಳು. ಅಮ್ಮ ಅವಳಿಗೆಂದೇ ಮೂರನೇ ಜೊತೆ ಹೊಲಿಯುತ್ತಿದ್ದಳು. ಅರವತ್ಮೂರು ಅರ್ಜಿಯಿಂದ ಹಿಡಿದು ಸ್ವೆಟರಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ಬೈಗುಳಕ್ಕೆ ಕಾದಳು, ಬರಲಿಲ್ಲ. ಅಮ್ಮ ದಾರ ಕತ್ತರಿಸಿ, ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

"ನಾಳೆ ನಂಗೆ ಆ ರೂಮು ತೋರ್ಸು," ಎಂದಳು ಕೊನೆಗೆ.

ಗೇಟಿನಲ್ಲಿ ಅಕ್ಕನನ್ನು ಕಂಡು ಮಾವ ಪೊರಕೆ ಹಿಡಿದು ಎಲ್ಲೋ ಮಾಯವಾದ. ಅಮ್ಮ ಮೇಲೆ ಬಂದು ಕ್ಯಾಲೆಂಡರು ನೋಡಿದಳು, ನಕ್ಷೆ ನೋಡಿದಳು. ಸ್ವೆಟರಿನ ಮೊಣಕೈಗೆ ಹಾಕಿದ್ದ ತೇಪೆಯನ್ನು ಬೆರಳಲ್ಲಿ ಸವರಿ, "ಇದು ಅಂಗಡೀಲಿ ಹಾಕಿದ್ದಲ್ಲ," ಎಂದಳು. ಆ ಕುರ್ಚಿಯಲ್ಲಿ ಮಗಳನ್ನು ಕೂರಲು ಬಿಡಲಿಲ್ಲ. ಇಬ್ಬರೂ ಎದುರಿನ ಸ್ಟೂಲುಗಳ ಮೇಲೆ ಕೂತರು.

"ಇವತ್ತು ಎತ್ಬೇಡ. ಪಾಪ, ಅವಳ ಪಾಡಿಗೆ ರಿಂಗ್ ಮಾಡ್ಕೊಳ್ಲಿ," ಎಂದಳು ಅಮ್ಮ.

ಗುಬ್ಬಿ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಹನ್ನೊಂದೂ ಹತ್ತಾಯಿತು. ಹನ್ನೊಂದೂ ಕಾಲಾಯಿತು. ಅಮ್ಮ ಎದ್ದು ರಿಸೀವರ್ ಕಿವಿಗಿಟ್ಟು ನೋಡಿದಳು. ಲೈನು ಇತ್ತು. ಮೆಲ್ಲಗೆ ಇಟ್ಟಳು.

ಮಾವ ಬಾಗಿಲಲ್ಲಿ ತಲೆ ಹಾಕಿದ. "ಇವತ್ತು ಸದ್ದೇ ಬರ್ಲಿಲ್ವಲ್ಲ?"

"ಇನ್ನು ಹೇಗೆ ಮಾಡ್ತಾಳೆ?" ಎಂದಳು ಅಮ್ಮ, ಮಗಳ ಕಡೆ ನೋಡದೆ. "ಎತ್ತದೇ ಇರೋದು ಚಿನ್ನಿ ಅಲ್ಲ, ಇವಳು ಅಂತ ಈಗ ಅವಳಿಗೆ ಗೊತ್ತಲ್ಲ."

ಗುಬ್ಬಿಯ ಹತ್ತಿರ ಆ ಹೆಂಗಸಿನ ನಂಬರೂ ಇರಲಿಲ್ಲ, ಹೆಸರೂ ಇರಲಿಲ್ಲ. ಅಮ್ಮ ಕೆಲಸ ಬಿಟ್ಟು ಬಂದಿದ್ದಳು, ಆದರೂ ಹೊರಡೋಣ ಎನ್ನಲಿಲ್ಲ. ಹನ್ನೆರಡು ಹೊಡೆದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು.