ವೀರನಿಗೆಂದು ಮಾಡಿದ ಹೊದಿಕೆ

ಕೋಚ್ಕೋರ್ ಊರಿನ ಕ್ಲಬ್ಬಿನಲ್ಲಿ ಆ ಮಧ್ಯಾಹ್ನ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಐಜಾರ್ಕಿನ್ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಒಬ್ಬ ಸಾದಾ ಕುರುಬ ಆಕಾಶದಲ್ಲಿ ಹಾರುವ ವೀರನಾದ ಬಗೆಯನ್ನು ರಾಜಧಾನಿ ಬಿಷ್ಕೆಕಿನವರು ಸಿನಿಮಾ ಮಾಡಿದ್ದರು. ಹಾರುವಾಗ ಆ ವೀರನ ಬೆನ್ನ ಮೇಲಿರಬೇಕಾದ ಹೊದಿಕೆ ಮಾಡಿಕೊಟ್ಟವರು ಇವಳೂ ಇವಳ ಮಾತು ನಂಬಿ ಬಂದ ಒಂಬತ್ತು ಹೆಂಗಸರೂ. ಬೇಸಿಗೆಯಿಡೀ ಉಣ್ಣೆ ಬಡಿದು, ಬಿಸಿನೀರು ಸುರಿದು, ಚಾಪೆಯಲ್ಲಿ ಸುತ್ತಿ ತುಳಿದು ದಪ್ಪ ಕಂಬಳಿಯಂತೆ ಗಟ್ಟಿ ಮಾಡಿ, ಮೇಲೆ ಟಗರುಕೊಂಬಿನ ಚಿತ್ತಾರ ಹೊಲಿದಿದ್ದರು. "ನಮ್ಮ ಕೆಲಸಾನ ದೇಶವೇ ನೋಡುತ್ತೆ ಕಣ್ರೇ" ಎಂದು ಇವಳು ಹೇಳಿದ್ದಳು. ಅದು ಸುಳ್ಳಾದರೆ ಇನ್ನು ಇವಳು ಕರೆದಾಗ ಯಾರು ಬಂದಾರು?

ಸಿನಿಮಾ ಶುರುವಾಯಿತು. ವೀರ ಬೆಟ್ಟ ಹತ್ತಿದ, ಇಳಿದ, ಸತ್ತ ಅಪ್ಪನನ್ನು ನೆನೆದು ಅತ್ತ, ಮತ್ತೆ ಹತ್ತಿದ. ಒಂದು ಗಂಟೆಯಾದರೂ ಹಾರುವ ಶಕ್ತಿ ಬರಲಿಲ್ಲ.

"ಇವನಿಗೆ ಶಕ್ತಿ ಬರೋದ್ರೊಳಗೆ ನನ್ನ ಕುರಿ ಎರಡು ಸಲ ಈಯುತ್ತೆ" ಎಂದಳು ಪಕ್ಕದಲ್ಲಿದ್ದ, ಆ ಒಂಬತ್ತರಲ್ಲೊಬ್ಬಳಾದ ಬುಬುಸಾರಾ.

ಅಂತೂ ಹಾರಿದ. ಬೆನ್ನ ಮೇಲೆ ಪಟಪಟ ಬಡಿದುಕೊಳ್ಳುತ್ತಿದ್ದುದು ತೆಳ್ಳನೆಯ ಕೆಂಪು ರೇಷ್ಮೆ.

ಹಿಂದಿನ ಸಾಲಿನಿಂದ ಕನಿಶಾಯ್ ಬಗ್ಗಿ ಕೇಳಿದಳು, "ಅಕ್ಕಾ, ನಮ್ದೆಲ್ಲಿ?"

ಐಜಾರ್ಕಿನಳ ಮುಖ ಇಳಿದುಹೋಯಿತು. ತಪ್ಪು ಆಗಲೇ ಹೊಳೆದದ್ದು. ಚಳಿಗಾಳಿ ಒಂದೆಳೆಯೂ ನುಗ್ಗಬಾರದೆಂದು ಮೂರು ದಿನ ಹೆಚ್ಚಿಗೆ ತುಳಿಸಿದವಳು ಇವಳೇ. ಅಷ್ಟು ಗಟ್ಟಿಯಾದದ್ದು ಗಾಳಿಗೆ ಹಾರುವುದುಂಟೆ?

"ಅದನ್ನ ಹೊದ್ರೆ ಹುಡುಗ ಬೆನ್ನಿಗೆ ಬಾಗಿಲು ಕಟ್ಕೊಂಡ ಹಾಗೆ ಕಂಡಿರ್ಬೇಕು. ನನ್ನದೇ ತಪ್ಪು ಕಣೇ" ಎಂದಳು.

ಅಷ್ಟರಲ್ಲಿ ಪರದೆಯ ಮೇಲೆ ಖಳನ ಗುಡಾರ ಬಂತು. ಬಾಗಿಲಿಗೆ ಎದುರಾಗಿ, ಮನೆಗೆ ಬಂದ ಹಿರಿಯರನ್ನು ಕೂರಿಸುವ ಜಾಗದಲ್ಲಿ, ಟಗರುಕೊಂಬಿನ ಚಿತ್ತಾರದ ಮೇಲೆ ಅವನು ಬೂಟುಗಾಲಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ.

"ಅಯ್ಯೋ, ನಮ್ದೇ! ಆ ಮೂಲೆ ಕೊಂಬು ನಾನು ಹೊಲಿದಿದ್ದು!" ಕನಿಶಾಯ್ ಎದ್ದೇ ನಿಂತಳು.

"ಲೋ, ಬೂಟು ಬಿಚ್ಚೋ ಮೂದೇವಿ!" ಬುಬುಸಾರಾ ಪರದೆಗೇ ಗದರಿದಳು.

ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಖಳ ಪುಣ್ಯಾತ್ಮ ಕೂತಲ್ಲಿಂದ ಏಳಲಿಲ್ಲ. ಅಲ್ಲೇ ಮಾಂಸ ತಿಂದ, ಅಲ್ಲಿಂದಲೇ ಊರು ಸುಡಲು ಅಪ್ಪಣೆ ಕೊಟ್ಟ. ಒಂಬತ್ತು ಹೆಂಗಸರೂ ತಂತಮ್ಮ ಹೊಲಿಗೆ ಹುಡುಕುವುದರಲ್ಲೇ ಇದ್ದರು. ವೀರ ಯಾವಾಗ ಗೆದ್ದನೋ ಯಾರಿಗೂ ತಿಳಿಯಲಿಲ್ಲ.

ಸಿನಿಮಾ ಸಪ್ಪೆ ಎಂಬುದರಲ್ಲಿ ಹೊರಗೆ ಬಂದವರದೆಲ್ಲ ಒಂದೇ ಮಾತು.

"ಹಾರೋನು ಪಾಪ, ನಡುಗ್ತಾ ಇದ್ದ. ಕೂತೋನು ನೋಡು, ಎಷ್ಟು ಬೆಚ್ಚಗಿದ್ದ!" ಎಂದಳು ಬುಬುಸಾರಾ. ಆಮೇಲೆ ಐಜಾರ್ಕಿನಳ ತೋಳು ಹಿಡಿದು, "ಅಕ್ಕಾ, ನನ್ನ ಮಗಳ ಮದುವೆಗೆ ಅಂಥದ್ದೇ ಒಂದು ಆಗ್ಬೇಕು. ನಾಳೆ ಯಾರ ಮನೇಲಿ ಸೇರೋಣ?" ಎಂದು ಕೇಳಿದಳು.

ಐಜಾರ್ಕಿನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು.

"ನಮ್ಮನೇಲೇ" ಎಂದಳು. "ಬೇಗ ಬನ್ನಿ, ರೊಟ್ಟಿಗೆ ಕೆನೆ ತೆಗೆದಿಟ್ಟಿರ್ತೀನಿ."