ಕರಡಿಗೆ ಕಾಗದ ಬೇಕು, ಮಗುವಿಗೆ ಬೇಡ

ನಮ್ಮ ಹಾಲ್ವಾರ್‌ಗೆ ಒಂದು ಅಭ್ಯಾಸ. ಏನಾದರೂ ಮಾಡಬೇಕೆಂದು ತಲೆಗೆ ಬಂದರೆ ಸಾಕು, ಯಾರನ್ನೂ ಕೇಳದೆ ಮೊದಲು ಕಾರಿಗೆ ತುಂಬಿಬಿಡುತ್ತಾನೆ. ಆ ಶುಕ್ರವಾರ ಬೆಳಿಗ್ಗೆ ಅವನು ತುಂಬುತ್ತಿದ್ದದ್ದು ಒಂದು ಕರಡಿಯನ್ನು.

ಗಾಬರಿಯಾಗಬೇಡಿ, ಜೀವಂತ ಕರಡಿಯಲ್ಲ. ನಾಲ್ಕು ವರ್ಷದ ಹಿಂದೆ ಅವನೇ ಹೊಡೆದ ಕಂದು ಕರಡಿಯ ತೊಗಲು. ತಲೆ, ಕಿವಿ, ಉಗುರು ಎಲ್ಲ ಇರುವಂತೆ ಹದ ಮಾಡಿಸಿ ಹಜಾರದ ಗೋಡೆಗೆ ಹಾಕಿಕೊಂಡಿದ್ದ. ಈಗ ಅದನ್ನು ಇಳಿಸಿ, ಸುರುಳಿ ಸುತ್ತಿ, ಹೆಂಡತಿ ಮಾರ್ಗಿಟ್ ಮಾಡಿಟ್ಟ ರೊಟ್ಟಿಯ ಡಬ್ಬದ ಪಕ್ಕಕ್ಕೆ ತುರುಕುತ್ತಿದ್ದ.

ಕಾರಣ ದೊಡ್ಡದೇ. ನಮ್ಮೂರು ಸ್ವೀಡನ್ನಿನ ಯೆಮ್ಟ್‌ಲ್ಯಾಂಡ್ ಬೆಟ್ಟದ ಮೇಲಿದೆ, ಆಚೆ ಇಳಿದರೆ ನಾರ್ವೆ. ಹಾಲ್ವಾರ್‌ನ ಒಬ್ಬಳೇ ಮಗಳು ಟೂವಾಳನ್ನು ಆಚೆಗೇ ಕೊಟ್ಟಿದೆ. ಅವಳಿಗೆ ಹೆಣ್ಣು ಮಗು ಹುಟ್ಟಿತ್ತು. ಭಾನುವಾರ ಅಲ್ಲಿನ ಚರ್ಚಿನಲ್ಲಿ ನಾಮಕರಣ. ನಮ್ಮ ಕಡೆ ಹಸುಗೂಸನ್ನು ತೊಗಲಿನ ಮೇಲೆ ಮಲಗಿಸಿ ಫೋಟೋ ತೆಗೆಯುವ ಪದ್ಧತಿಯಿದೆ. ಹಾಲ್ವಾರ್‌ನ ಫೋಟೋ ಕುರಿ ತೊಗಲಿನ ಮೇಲಿದೆ, ಟೂವಾಳದ್ದೂ ಅದೇ ಕುರಿಯ ಮೇಲೆ. ಮೊಮ್ಮಗಳನ್ನು ಮಾತ್ರ ಕರಡಿಯ ಮೇಲೆ ಮಲಗಿಸುತ್ತೇನೆ, ಆಮೇಲೆ ಆ ತೊಗಲು ಅವಳಿಗೇ ಸೇರಬೇಕು ಎಂದು ಅವನು ಆಸೆ ಕಟ್ಟಿಕೊಂಡಿದ್ದ.

ಅಷ್ಟರಲ್ಲಿ ಏಲಕ್ಕಿ ಬನ್ನಿನ ತಟ್ಟೆ ಹಿಡಿದುಕೊಂಡು ಗುನ್‌ವೋರ್ ಬಂದಳು. ಪಕ್ಕದ ಮನೆಯವಳು. ನಮ್ಮ ಬೇಟೆ ತಂಡಕ್ಕೆ ಅವಳೇ ಮುಖ್ಯಸ್ಥೆ. ಕಾಡಿನಲ್ಲಿ ಅವಳ ಮಾತಿಗೆ ನಾವು ಯಾರೂ ಎದುರಾಡುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಕಂಬಳಿಯಿಂದ ಹೊರಗೆ ಇಣುಕುತ್ತಿದ್ದ ಕಪ್ಪು ಮೂಗನ್ನು ನೋಡಿ ನಿಂತಳು.

"ಏನಪ್ಪಾ ಹಾಲ್ವಾರ್, ಕರಡಿಗೂ ನಾಮಕರಣಕ್ಕೆ ಕರೆ ಬಂದಿದ್ಯಾ?"

"ಮತ್ತೇನು! ಅದೇ ಉಡುಗೊರೆ."

"ಪರ್ಮಿಟ್ ಮಾಡಿಸಿದ್ದೀಯಾ?"

"ಯಾವ ಪರ್ಮಿಟ್ಟು? ಹೊಡೆಯೋಕೆ ಸರ್ಕಾರನೇ ಒಪ್ಪಿಗೆ ಕೊಟ್ಟಿತ್ತಲ್ಲ. ಇನ್ಸ್‌ಪೆಕ್ಟರ್ ಬಂದು ನೋಡಿ ಗುರುತಿನ ಬಿಲ್ಲೆ ಹಾಕಿ ಹೋದ. ನೀನೇ ಪಕ್ಕದಲ್ಲಿ ನಿಂತಿದ್ದೆ."

"ಅದು ಹೊಡೆಯೋಕೆ. ಗಡಿ ದಾಟಿಸೋಕೆ ಬೇರೆ ಪರ್ಮಿಟ್ ಬೇಕು ಮಾರಾಯ."

ಹಾಲ್ವಾರ್ ಜೋರಾಗಿ ನಕ್ಕ. "ಯಾವ ಗಡಿ? ದಾರೀಲಿ ನಿಲ್ಸಿರೋ ಆ ಹಳದಿ ಬೋರ್ಡಾ? ಶನಿವಾರ ಬಂದ್ರೆ ಅರ್ಧ ನಾರ್ವೆ ನಮ್ಮ ಅಂಗಡೀಲಿ ಹಂದಿ ಮಾಂಸ, ಮಿಠಾಯಿ ಅಂತ ಮುಗಿಬಿದ್ದಿರುತ್ತೆ. ಆ ಬೋರ್ಡ್ ಹತ್ರ ನಾನು ಬ್ರೇಕ್ ಕೂಡ ಮುಟ್ಟಲ್ಲ."

"ಹಂದಿ ಮಾಂಸಕ್ಕೇ ಇಷ್ಟು ಅಂತ ಮಿತಿ ಇದೆ. ಕರಡಿಗೆ ಏನೂ ಇರಲ್ವಾ?"

"ಮಾರೋಕೆ ಹೊರಟಿಲ್ಲ ಕಣೇ, ಮೊಮ್ಮಗಳಿಗೆ ಕೊಡ್ತಿದ್ದೀನಿ!"

"ಮಾರು, ಕೊಡು, ಸುಮ್ನೆ ತಗೊಂಡು ಹೋಗಿ ವಾಪಸ್ ತಾ, ಎಲ್ಲಕ್ಕೂ ಮೊದಲು ಕೇಳ್ಬೇಕು. ಕರಡಿ ರಕ್ಷಣೆ ಇರೋ ಪ್ರಾಣಿ."

ಮಾರ್ಗಿಟ್ ಮೂವರಿಗೂ ಕಾಫಿ ಹಾಕಿದಳು. ಅಡುಗೆಮನೆಯ ಮೇಜಿಗೆ ಬಂದು ಕೂತರೂ ಹಾಲ್ವಾರ್‌ನ ಮುಖ ಬಿಗಿದೇ ಇತ್ತು. "ಕದ್ದವನನ್ನ ಹಿಡೀಲಿ. ನನ್ನನ್ನ ಯಾಕೆ ಹಿಡೀಬೇಕು?" ಎಂದು ಗೊಣಗಿದ.

ಗುನ್‌ವೋರ್ ಬನ್ನು ಮುರಿಯುತ್ತಾ ಹೇಳಿದಳು. "ಕದ್ದು ಹೊಡೆದವನ ಡಿಕ್ಕೀಲೂ ತೊಗಲೇ ಇರುತ್ತೆ, ನಿನ್ನ ಡಿಕ್ಕೀಲೂ ತೊಗಲೇ ಇರುತ್ತೆ. ನೋಡಿದೋರಿಗೆ ಹೇಗಪ್ಪಾ ಗೊತ್ತಾಗ್ಬೇಕು ಯಾರು ಕಳ್ಳ, ಯಾರು ಹಾಲ್ವಾರ್ ಅಂತ? ಹೊಡೆದು ಆಚೆ ಸಾಗಿಸಿಬಿಟ್ರೆ ಕೇಳೋರಿಲ್ಲ ಅನ್ನೋ ಹಾಗಾದ್ರೆ ಕಾಡಲ್ಲಿ ಏನು ಉಳಿಯುತ್ತೆ? ನಿಮ್ಮಪ್ಪ ಎಷ್ಟು ಕರಡಿ ನೋಡಿದ್ದ, ಹೇಳು."

ಹಾಲ್ವಾರ್ ಲೋಟ ಕೆಳಗಿಟ್ಟ. ಅವನ ಅಪ್ಪ ಜೀವಮಾನವೆಲ್ಲ ಈ ಕಾಡಿನಲ್ಲೇ ಮರ ಕಡಿದವನು. ಒಂದೇ ಒಂದು ಕರಡಿಯನ್ನೂ ಕಾಣದೆ ಸತ್ತ. ಆಗ ಕರಡಿಯೇ ಇಲ್ಲದಂತಾಗಿತ್ತು. ಕಾಪಾಡಿಕೊಂಡ ಮೇಲೆ ಮತ್ತೆ ಬಂದವು. ಅದು ನಮಗೆಲ್ಲ ಗೊತ್ತಿರುವ ವಿಷಯ.

"ಹಂಗಾದ್ರೆ ಒಂದು ಉಗುರು ಮಾತ್ರ ತಗೊಂಡು ಹೋಗೋಣ. ಬೆಳ್ಳಿ ಕಟ್ಟಿಸಿ ಮಗು ಕೊರಳಿಗೆ ಹಾಕಿದ್ರಾಯ್ತು," ಎಂದಳು ಮಾರ್ಗಿಟ್. ಅವಳಿಗೂ ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ.

"ಉಗುರೂ ಕರಡೀದೇ ಅಲ್ವೇನೇ ಮಾರ್ಗಿಟ್? ಹಲ್ಲು, ತಲೆಬುರುಡೆ, ಎಲ್ಲ ಒಂದೇ ಲೆಕ್ಕ. ನಮ್ಮ ಬಾವ ಲಿಂಕ್ಸ್ ಕಾಡುಬೆಕ್ಕಿನ ತೊಗಲು ಹಿಂಗೇ ತಗೊಂಡು ಹೋಗಿ ಸಿಕ್ಕಿಬಿದ್ದ. ತೊಗಲೂ ಹೋಯ್ತು, ದಂಡಾನೂ ಕಟ್ಟಿದ. ಅದಿರ್ಲಿ, ನೀವು ಸಿಕ್ಕಿಬೀಳದೆ ದಾಟಿಬಿಟ್ರಿ ಅಂತಾನೇ ಇಟ್ಕೊಳ್ಳಿ. ನಾಳೆ ಯಾರಾದ್ರೂ ಕೇಳಿದ್ರೆ ತೊಗಲು ಇರೋದು ಯಾರ ಮನೇಲಿ?"

ತೊಗಲು ಇರುವುದು ಟೂವಾಳ ಮನೆಯಲ್ಲಿ. ಉತ್ತರ ಕೊಡಬೇಕಾದವಳೂ ಅವಳೇ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು.

ಹಾಲ್ವಾರ್ ಎದ್ದು ಹೋಗಿ ತೊಗಲನ್ನು ಒಳಗೆ ತಂದ. ಅವನ ಮುಖ ನೋಡಿದರೆ ನಿಮಗೂ ಅಯ್ಯೋ ಅನಿಸುತ್ತಿತ್ತು. "ಪರ್ಮಿಟ್ ಬರೋ ಹೊತ್ತಿಗೆ ಮೊಮ್ಮಗಳು ಎದ್ದು ಓಡಾಡ್ತಿರ್ತಾಳೆ," ಎಂದ. "ಓಡೋ ಮಗೂನ ತೊಗಲ ಮೇಲೆ ಯಾರು ಮಲಗಿಸ್ತಾರೆ?" ಮಗಳಿಗೆ ಫೋನ್ ಮಾಡಿ, ಕರಡಿ ಬರುವುದಿಲ್ಲ ಎಂದು ಸೋತ ಧ್ವನಿಯಲ್ಲಿ ಹೇಳಿದ.

ಆ ಕಡೆಯಿಂದ ಟೂವಾ ನಕ್ಕಿದ್ದು ಅಡುಗೆಮನೆಗೆಲ್ಲ ಕೇಳಿಸಿತು. "ಅಪ್ಪಾ, ಪರ್ಮಿಟ್ ಬೇಕಾಗಿರೋದು ಕರಡಿಗೆ ತಾನೇ? ನನ್ನ ಮಗಳಿಗೆ ಬೇಡವಲ್ಲ! ಮುಂದಿನ ವಾರ ನಾವೇ ಬರ್ತೀವಿ. ಕಾಫಿ ಇಟ್ಟಿರು."

ನೋಡಿ, ಇಷ್ಟು ಸುಲಭದ ಉಪಾಯ ಆ ಮೂರು ಹಿರಿ ತಲೆಗಳಿಗೆ ಹೊಳೆದಿರಲಿಲ್ಲ!

ಭಾನುವಾರ ಹಾಲ್ವಾರ್, ಮಾರ್ಗಿಟ್ ಕರಡಿಯಿಲ್ಲದೆಯೇ ನಾಮಕರಣಕ್ಕೆ ಹೋಗಿಬಂದರು. ಮುಂದಿನ ವಾರ ಟೂವಾಳ ಮನೆಯವರು ಬಂದರು. ಕೂಸಿಗೆ ರಗ್ನಾ ಎಂದು ಹೆಸರಿಟ್ಟಿದ್ದರು. ಕಿಟಕಿಯ ಬೆಳಕಿನಲ್ಲಿ ಕರಡಿಯನ್ನು ಹಾಸಿ, ಪುಟ್ಟ ರಗ್ನಾಳನ್ನು ಬೆತ್ತಲೆ ಮಲಗಿಸಿದರು. ಅವಳು ಕರಡಿಯ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದಳು, ಅಜ್ಜನನ್ನು ದಿಟ್ಟಿಸಿ ನೋಡಿದಳು, ಫೋಟೋ ಬೀಳುವ ಹೊತ್ತಿಗೆ ಸರಿಯಾಗಿ ಉಚ್ಚೆ ಹೊಯ್ದಳು.

"ಅಲ್ಲಿಗೆ ಕರಡಿಗೂ ನಾಮಕರಣ ಆಯ್ತು ಬಿಡು," ಎಂದಳು ಗುನ್‌ವೋರ್. ಹಾಲ್ವಾರ್ ನಗುತ್ತಾ ಕಣ್ಣು ಒರೆಸಿಕೊಂಡ.

ಅವತ್ತೇ ಸಂಜೆ ಗುನ್‌ವೋರ್ ಕೇಳಿದಳು, "ಈಗ ಪರ್ಮಿಟ್ಟಿಗೆ ಅರ್ಜಿ ಹಾಕೋಣವಾ?" ಹಾಲ್ವಾರ್ ಬಾಯಿಂದ ಸುಯ್ ಎಂದು ಉಸಿರು ಒಳಕ್ಕೆ ಎಳೆದುಕೊಂಡ. ನಮ್ಮ ಕಡೆ ಅದಕ್ಕೆ ಹೂಂ ಎಂದೇ ಅರ್ಥ.

ನಮ್ಮಲ್ಲಿ ಈ ಪರವಾನಗಿ ಕೊಡುವುದು ಕೃಷಿ ಇಲಾಖೆ, ಹಾಲ್ವಾರ್ ಅಲ್ಲಿಗೆ ಬರೆದ. ಬೇಟೆಯ ದಾಖಲೆ, ಬಿಲ್ಲೆಯ ಗುರುತು ಎರಡನ್ನೂ ಕೊಟ್ಟ. ಟೂವಾ ಆಚೆ ನಾರ್ವೆಯ ಪರಿಸರ ಇಲಾಖೆಯನ್ನು ಕೇಳಿದಳು. ಕಾಯಬೇಕಾಯಿತು, ಇಲ್ಲವೆನ್ನುವುದಿಲ್ಲ. ಹಾಲ್ವಾರ್ ದಿನಾ ಅಂಚೆ ಡಬ್ಬಿ ನೋಡಿ ಬೈದುಕೊಂಡೇ ಕಾದ. ಮೊದಲ ಹಿಮ ಬೀಳುವ ಹೊತ್ತಿಗೆ ಎರಡೂ ಕಡೆಯ ಪರವಾನಗಿ ಕೈಗೆ ಬಂತು.

ಆ ದಿನ ಹಾಲ್ವಾರ್ ಜೀವನದಲ್ಲಿ ಮೊದಲ ಸಲ ಗಡಿಯಲ್ಲಿ ಬ್ರೇಕ್ ಹಾಕಿದ. ತಾನೇ ಸುಂಕದ ಕಚೇರಿಗೆ ಹೋಗಿ, ತೊಗಲು ಬಿಚ್ಚಿ, ಕಾಗದ ಮುಂದಿಟ್ಟ. ಅಲ್ಲಿದ್ದ ಹೆಂಗಸು ಬಿಲ್ಲೆ ನೋಡಿದಳು, ಉಗುರು ನೋಡಿದಳು, ಕಾಗದಕ್ಕೆ ಮೊಹರು ಒತ್ತಿದಳು. ಮತ್ತೆ ಬಗ್ಗಿ ಕೇಳಿದಳು, "ಇಲ್ಲೇನೋ ಕಲೆ ಇದೆಯಲ್ಲ, ಏನಿದು?"

"ಅದು ನನ್ನ ಮೊಮ್ಮಗಳು ಒತ್ತಿದ ಮೊಹರು," ಎಂದ ಹಾಲ್ವಾರ್. "ನಿಮಗಿಂತ ಮುಂಚೆನೇ ಒತ್ತಿಬಿಟ್ಟಳು."

ಬಂಧುಗಳೇ, ನಿಮ್ಮ ಗೋಡೆಯ ಮೇಲೂ ಕರಡಿಯದೋ, ತೋಳದ್ದೋ, ಲಿಂಕ್ಸ್‌ನದೋ ತೊಗಲು ಇರಬಹುದು. ಪೆಟ್ಟಿಗೆಯಲ್ಲಿ ಒಂದು ಹಲ್ಲು, ಒಂದು ಉಗುರು ಇರಬಹುದು. ನೀವು ನ್ಯಾಯವಾಗಿಯೇ ಹೊಡೆದಿರಬಹುದು, ಅಜ್ಜನಿಂದ ಬಂದದ್ದಿರಬಹುದು. ಅದನ್ನು ಇನ್ನೊಂದು ದೇಶಕ್ಕೆ ಒಯ್ಯುವ ಮನಸ್ಸಾದರೆ, ಕೊಡುವುದಕ್ಕಾಗಲಿ ತೋರಿಸುವುದಕ್ಕಾಗಲಿ, ಈ ಕಡೆಯ ಇಲಾಖೆಯನ್ನೂ ಆ ಕಡೆಯ ಇಲಾಖೆಯನ್ನೂ ವಿಚಾರಿಸಿ. ಬೇಟೆಯ ದಾಖಲೆಯನ್ನು ಜೋಪಾನವಾಗಿಡಿ. ಪರವಾನಗಿ ಬರುವ ತನಕ ತಾಳ್ಮೆ ಇರಲಿ. ಅಷ್ಟರೊಳಗೆ ಮೊಮ್ಮಕ್ಕಳನ್ನು ಮನೆಗೆ ಕರೆಯಿರಿ.

ಹಾಲ್ವಾರ್ ಈಗ ನಮ್ಮ ತಂಡದ ಹೊಸಬರಿಗೆಲ್ಲ ಹೇಳುವುದು ಒಂದೇ ಮಾತು, ನಿಮಗೂ ಅದೇ. ಮೊದಲು ಕೇಳಿ. ಆಮೇಲೆ ಕಾರಿಗೆ ತುಂಬಿ.